ಕ್ಲಾಸಿಗಿಷ್ಟು ಹೋಗಿ ತಿಂಗಳ ಪಾಸ್ ಬಂದರೆ ಟೀಚರ್ ಕೈಗೆ ಎಷ್ಟು? ಒಪ್ಪುವ ಮುಂಚೆ ಹಾಕಬೇಕಾದ ಲೆಕ್ಕ

ಆನ್‌ಲೈನ್ ಪಾಠ ಮಾಡುವವರಿಗೆ ಈಗೀಗ ಪಾಠದ ಆ್ಯಪ್ ನಡೆಸುವ ಕಂಪನಿಗಳಿಂದ ಇಂಥ ಮೆಸೇಜ್ ಬರುವುದು ಜಾಸ್ತಿಯಾಗಿದೆ: "ಇನ್ನು ಮೇಲೆ ಕ್ಲಾಸಿಗಿಷ್ಟು ಅಂತ ಇರುವುದಿಲ್ಲ. ಪೋಷಕರು ತಿಂಗಳ ಪಾಸ್ ತಗೊಳ್ತಾರೆ. ಮಕ್ಕಳು ಜಾಸ್ತಿ ಬರ್ತಾರೆ, ನಿಮಗೂ ಒಳ್ಳೇದು." ನಾನು ಹಾಸನದ ವಿದ್ಯಾನಗರದಲ್ಲಿ ಮನೆಯಿಂದಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬೆಳಗಿನ ಜಾವ ಅಮೆರಿಕದಲ್ಲಿರುವ ನಮ್ಮ ಕಡೆಯ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುತ್ತೇನೆ. ಎರಡೂ ಕಡೆ ಪಾಸ್ ಬಂದಿದೆ. ಅರಸೀಕೆರೆ, ಸಕಲೇಶಪುರ, ಬೇಲೂರಿನ ಟೀಚರ್‌ಗಳು ಫೋನ್ ಮಾಡಿ "ಒಪ್ಪಿಕೊಳ್ಳಲಾ ಬೇಡ್ವಾ?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಒಂದೇ ಒಂದು ಪ್ರಶ್ನೆ ಕೇಳಿ. ಮಗು ಬಾರದ ಕ್ಲಾಸಿನ ದುಡ್ಡು ಯಾರಿಗೆ ಸೇರುತ್ತದೆ?

ಕ್ಲಾಸಿಗಿಷ್ಟು ಅಂತ ಇದ್ದಾಗ ಈ ಪ್ರಶ್ನೆಯೇ ಇರಲಿಲ್ಲ. ಮಗು ಬಂದರೆ ದುಡ್ಡು, ಬರದಿದ್ದರೆ ಇಲ್ಲ. ಪಾಸಿನಲ್ಲಿ ಹಾಗಲ್ಲ. ಪೋಷಕರು ಎಂಟು ಕ್ಲಾಸಿಗೆ ಮೊದಲೇ ಕಟ್ಟಿರುತ್ತಾರೆ. ಮಗು ಆರಕ್ಕೆ ಬರುತ್ತದೆ. ಉಳಿದ ಎರಡು ಕ್ಲಾಸಿನ ದುಡ್ಡು ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ. ಅದು ನಿಮಗೆ ಬರಬಹುದು, ಕಂಪನಿಗೆ ಹೋಗಬಹುದು, ಮುಂದಿನ ತಿಂಗಳಿಗೆ ಉಳಿಯಬಹುದು. ಪಾಸಿನಿಂದ ನಿಮಗೆ ಲಾಭವೋ ನಷ್ಟವೋ ಅನ್ನುವುದು ಮುಕ್ಕಾಲು ಪಾಲು ಇದರ ಮೇಲೆಯೇ ನಿಂತಿದೆ. ಕಂಪನಿ ಹಿಡಿದುಕೊಳ್ಳುವ ಕಮಿಷನ್ ಶೇಕಡಾ ಎಷ್ಟು ಅನ್ನುವುದು ಆಮೇಲಿನ ಮಾತು.

ಒಂದು ಉದಾಹರಣೆ ಹಾಕಿ ನೋಡೋಣ. ಪೆನ್ನು ಹಾಳೆ ತಗೊಳ್ಳಿ. ನಿಮ್ಮ ಕ್ಲಾಸಿಗೆ 300 ರೂಪಾಯಿ, ಕಮಿಷನ್ ಶೇ. 20 ಅಂದುಕೊಳ್ಳಿ. ಕೈಗೆ 240 ರೂಪಾಯಿ. ತಿಂಗಳಿಗೆ ಎಂಟು ಕ್ಲಾಸ್ ಆದರೆ 1,920. ಈಗ ಕಂಪನಿ ಎಂಟು ಕ್ಲಾಸಿನ ಪಾಸನ್ನು 1,800 ರೂಪಾಯಿಗೆ ಮಾರುತ್ತದೆ. ಅಂದರೆ ಕ್ಲಾಸಿಗೆ 225. ಅದೇ ಕಮಿಷನ್ ಹಿಡಿದರೆ ನಿಮ್ಮ ಕೈಗೆ 180.

ಮಗು ಎಂಟಕ್ಕೆ ಎಂಟೂ ಬಂದರೆ ನಿಮಗೆ 1,440. ಮೊದಲಿಗಿಂತ 480 ರೂಪಾಯಿ ಕಡಿಮೆ. ಮಗು ಆರು ಕ್ಲಾಸಿಗೆ ಮಾತ್ರ ಬಂದರೆ? ಹಾಜರಿ ಪ್ರಕಾರ ಕೊಡುವ ಕಂಪನಿಯಾದರೆ 1,080. ಪಾಸ್ ಮಾರಾಟವಾದ ಲೆಕ್ಕದಲ್ಲಿ ಕೊಡುವ ಕಂಪನಿಯಾದರೆ ಆಗಲೂ 1,440. ಹಳೆಯ ಪದ್ಧತಿಯಲ್ಲಿ ಆರು ಕ್ಲಾಸಿಗೆ ಸಿಗುತ್ತಿದ್ದದ್ದೂ 1,440 ತಾನೇ? ಹಾಗಾಗಿ ಮಾರಾಟದ ಲೆಕ್ಕದಲ್ಲಿ ಕೊಟ್ಟರೆ, ಆರು ಕ್ಲಾಸಿಗೆ ಬರುವ ಮಗುವಿನಿಂದ ನಿಮಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಐದಕ್ಕೆ ಬಂದರೆ ಲಾಭ. ಏಳೆಂಟಕ್ಕೆ ಬಂದರೆ ನಷ್ಟ. ಹಾಜರಿ ಲೆಕ್ಕದಲ್ಲಿ ಕೊಟ್ಟರೆ ಮಗು ಎಷ್ಟಕ್ಕೇ ಬರಲಿ, ನಿಮಗೆ ಕಡಿಮೆಯೇ. ಆ ರಿಯಾಯಿತಿಯ ಭಾರ ನಿಮ್ಮ ತಲೆ ಮೇಲೂ ಬೀಳುತ್ತದೆ, ಬಾರದ ಮಗುವಿನ ದುಡ್ಡು ಮಾತ್ರ ನಿಮಗಿಲ್ಲ. ಇದು ನ್ಯಾಯವಲ್ಲ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಈ ಲೆಕ್ಕಕ್ಕೆ ನಿಮ್ಮ ಹಾಜರಿ ಪುಸ್ತಕ ಬೇಕು. ಅಂದಾಜು ಸಾಲದು. ಕಳೆದ ಒಂದು ವರ್ಷದಲ್ಲಿ ಮಕ್ಕಳು ತಿಂಗಳಿಗೆ ಎಷ್ಟು ಕ್ಲಾಸ್ ತಪ್ಪಿಸಿದ್ದಾರೆ ಅಂತ ತಿಂಗಳವಾರು ಬರೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೊಂದು ಸ್ಪಷ್ಟ ಏರಿಳಿತ ಇದೆ. ಜುಲೈನಲ್ಲಿ ಸಕಲೇಶಪುರದ ಕಡೆ ಮಳೆ ಹಿಡಿದರೆ ಶಾಲೆಗೆ ರಜೆ ಕೊಡುತ್ತಾರೆ. ಮಕ್ಕಳು ಮನೆಯಲ್ಲೇ ಇರುತ್ತಾರೆ, ಆದರೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ದಸರಾ ರಜೆ ಮುಗಿಯುವ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ವರ್ಷಕ್ಕೊಮ್ಮೆ ದರ್ಶನ, ಬಲಿಪಾಡ್ಯಮಿ ಕಳೆಯುವವರೆಗೆ ಊರೆಲ್ಲ ಜನ, ಮನೆ ತುಂಬ ನೆಂಟರು. ಹಾಸನದ ಮಕ್ಕಳು ಆಗ ಲಾಗಿನ್ ಆಗುವುದೇ ಕಷ್ಟ. ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಇದಕ್ಕೆ ತದ್ವಿರುದ್ಧ. ಎಸ್ಸೆಸ್ಸೆಲ್ಸಿ ಮಕ್ಕಳು ಒಂದು ಕ್ಲಾಸನ್ನೂ ಬಿಡುವುದಿಲ್ಲ, ಇನ್ನೊಂದು ಇದ್ದರೆ ಕೊಡಿ ಅನ್ನುತ್ತಾರೆ. ಕಂಪನಿಯವರು ಫೆಬ್ರವರಿಯ ಲೆಕ್ಕ ತೋರಿಸಿ ಆಸೆ ಹುಟ್ಟಿಸಿದರೆ ನೀವು ಅಕ್ಟೋಬರ್‌ನ ಲೆಕ್ಕವನ್ನೂ ಮುಂದಿಡಿ.

ಇನ್ನೊಂದು ಬಗೆಯ ಪಾಸ್ ಇದೆ, ಅದು ಇನ್ನೂ ಹುಷಾರಾಗಿ ನೋಡಬೇಕಾದದ್ದು. "ಎಷ್ಟು ಬೇಕಾದರೂ ಕ್ಲಾಸ್, ಯಾವ ಟೀಚರ್ ಬೇಕಾದರೂ." ಇಲ್ಲಿ ಎಲ್ಲ ಪಾಸಿನ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಅದರಲ್ಲಿ ಒಂದು ಪಾಲನ್ನು ಟೀಚರ್‌ಗಳಿಗೆ ಅಂತ ತೆಗೆದಿಟ್ಟು, ಮಕ್ಕಳು ನೋಡಿದ ನಿಮಿಷಗಳ ಪ್ರಕಾರ ಹಂಚುತ್ತಾರೆ. ರೆಕಾರ್ಡ್ ಮಾಡಿದ ಕೋರ್ಸ್‌ಗಳಲ್ಲಿ ಇದು ಹಳೆಯ ಪದ್ಧತಿ. ಆನ್‌ಲೈನ್ ಕೋರ್ಸ್‌ಗಳ ಕಂಪನಿ ಸ್ಕಿಲ್‌ಶೇರ್ ಹೀಗೇ ಕೊಡುತ್ತದೆ. ಅಂಥದ್ದೇ ಇನ್ನೊಂದು ಕಂಪನಿ ಯುಡೆಮಿಯ ಸಬ್‌ಸ್ಕ್ರಿಪ್ಷನ್, ಅಂದರೆ ಪಾಸಿನ ದುಡ್ಡೂ ಹೀಗೇ.

ಇದರ ಲೆಕ್ಕ ಸುಮ್ನೆ ಹೀಗೆ ಹಾಕಿ. ಸಾವಿರ ಮಕ್ಕಳು, ತಲಾ ಸಾವಿರ ರೂಪಾಯಿ. ಹುಂಡಿಯಲ್ಲಿ 10 ಲಕ್ಷ. ಟೀಚರ್‌ಗಳ ಪಾಲು ಶೇ. 20 ಅಂದರೆ 2 ಲಕ್ಷ. ಆ ತಿಂಗಳು ಎಲ್ಲ ಮಕ್ಕಳೂ ಸೇರಿ 4 ಲಕ್ಷ ನಿಮಿಷ ನೋಡಿದರೆ ನಿಮಿಷಕ್ಕೆ 50 ಪೈಸೆ. ನಿಮ್ಮ 50 ನಿಮಿಷದ ಕ್ಲಾಸಿಗೆ ಹತ್ತು ಮಕ್ಕಳು ಕೂತರೆ 500 ನಿಮಿಷ, 250 ರೂಪಾಯಿ. ಮೂರೇ ಮಕ್ಕಳು ಕೂತರೆ 75 ರೂಪಾಯಿ. ಮುಂದಿನ ತಿಂಗಳು ರಜೆ ಬಂತು, ಮಕ್ಕಳೆಲ್ಲ ಎರಡು ಪಟ್ಟು ನೋಡಿದರು ಅಂದುಕೊಳ್ಳಿ. ಹುಂಡಿಯಲ್ಲಿ ಇರುವುದು ಅದೇ ದುಡ್ಡು, ನಿಮಿಷ ಮಾತ್ರ 8 ಲಕ್ಷ. ನಿಮಿಷಕ್ಕೆ 25 ಪೈಸೆ. ನಿಮ್ಮ ಅದೇ ಕ್ಲಾಸಿಗೆ, ಅದೇ ಹತ್ತು ಮಕ್ಕಳಿಗೆ, ಈ ಸಲ 125 ರೂಪಾಯಿ. ನಿಮ್ಮ ಕೆಲಸದಲ್ಲಿ ಏನೂ ಬದಲಾಗಿಲ್ಲ, ಸಂಬಳ ಅರ್ಧವಾಗಿದೆ.

ಪಾಲಿನ ಶೇಕಡಾವೂ ನಿಂತಲ್ಲೇ ನಿಲ್ಲುವುದಿಲ್ಲ. ಯುಡೆಮಿ ತನ್ನ ಸಬ್‌ಸ್ಕ್ರಿಪ್ಷನ್ ಆದಾಯದಲ್ಲಿ ಪಾಠ ಮಾಡುವವರ ಪಾಲನ್ನು ಶೇ. 25ರಿಂದ 2024ರಲ್ಲಿ ಶೇ. 20ಕ್ಕೆ, 2025ರಲ್ಲಿ 17.5ಕ್ಕೆ, 2026ಕ್ಕೆ 15ಕ್ಕೆ ಇಳಿಸುವುದಾಗಿ ಮೊದಲೇ ಪ್ರಕಟಿಸಿತ್ತು. ಅಲ್ಲಿ ಕನಿಷ್ಠ ಮುಂಚಿತವಾಗಿ ಹೇಳಿದರು. ನೀವು ಸೇರುವ ಕಡೆ ಎಷ್ಟು ದಿನ ಮುಂಚೆ ಹೇಳುತ್ತಾರೆ ಅಂತ ಒಪ್ಪಂದದಲ್ಲಿ ಹುಡುಕಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಲೈವ್ ಕ್ಲಾಸ್ ಮಾಡುವವರಿಗೆ ನನ್ನ ಸಲಹೆ ಇಷ್ಟೇ: ಮಕ್ಕಳು ಎಷ್ಟೇ ಬರಲಿ, ಗಂಟೆಗೆ ಇಷ್ಟು ಅಂತ ಕನಿಷ್ಠ ಮೊತ್ತ ಕೊಡದ ಹುಂಡಿಗೆ ಕೈ ಹಾಕಬೇಡಿ. ರೆಕಾರ್ಡ್ ಮಾಡಿದ ಪಾಠ ನೀವು ಮಲಗಿದಾಗಲೂ ಓಡುತ್ತದೆ. ಲೈವ್ ಕ್ಲಾಸಿಗೆ ನೀವೇ ಕೂರಬೇಕಲ್ಲ.

ಕೆಲವು ಕಡೆ ಪಾಸ್ ಇದ್ದರೂ ಮಗು ನಿಮ್ಮ ಹತ್ತಿರವೇ ಉಳಿಯುತ್ತದೆ. ಟೀಚರ್‌ಗಳನ್ನು ಹುಡುಕಿಕೊಡುವ ಪ್ರೆಪ್ಲಿ ಅನ್ನುವ ವೆಬ್‌ಸೈಟಿನಲ್ಲಿ ಕಲಿಯುವವರು ಒಬ್ಬ ಟೀಚರನ್ನು ಆರಿಸಿಕೊಂಡು ವಾರಕ್ಕೆ ಇಷ್ಟು ಗಂಟೆ ಅಂತ ನಾಲ್ಕು ವಾರಕ್ಕೊಮ್ಮೆ ಕಟ್ಟುತ್ತಾರೆ. ಬೆಲೆ ಟೀಚರೇ ಇಡುತ್ತಾರೆ. ಆದರೆ ಹೊಸಬರ ಮೊದಲ ಟ್ರಯಲ್ ಕ್ಲಾಸಿನ ಪೂರ್ತಿ ದುಡ್ಡು ಕಂಪನಿಗೆ, ಆಮೇಲೆ ಕಮಿಷನ್ ಶೇ. 33ರಿಂದ ಶುರುವಾಗಿ ಪಾಠದ ಗಂಟೆ ಹೆಚ್ಚಿದಂತೆ ಶೇ. 18ಕ್ಕೆ ಇಳಿಯುತ್ತದೆ. ಇಂಥ ಕಡೆ ಲೆಕ್ಕ ಬೇರೆ. ಒಂದು ಮಗು ಎಷ್ಟು ತಿಂಗಳು ಉಳಿಯುತ್ತದೆ ಅನ್ನುವುದೇ ಮುಖ್ಯ. ಎರಡೇ ಕ್ಲಾಸಿಗೆ ಬಿಟ್ಟು ಹೋಗುವವರು ಜಾಸ್ತಿಯಾದರೆ ಟ್ರಯಲ್ ಮಾಡಿದ್ದೇ ಬಂತು.

ಇನ್ನು ನಿಮ್ಮ ಸಮಯದ ಲೆಕ್ಕ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು ಗಂಟೆಯ ಗಣಿತ ಕ್ಲಾಸ್ ಅಂದರೆ 20 ನಿಮಿಷ ತಯಾರಿ, 15 ನಿಮಿಷ ವಾಟ್ಸಾಪ್ ಡೌಟು, 5 ನಿಮಿಷ ಆ್ಯಪಿನಲ್ಲಿ ರಿಪೋರ್ಟ್ ತುಂಬುವುದು. ಒಟ್ಟು 100 ನಿಮಿಷ. ಕೈಗೆ 240 ಬಂದರೆ ನಿಜವಾದ ಗಂಟೆಗೆ 144 ರೂಪಾಯಿ, 180 ಬಂದರೆ 108 ರೂಪಾಯಿ. ಪಾಸ್ ಬಂದ ಮೇಲೆ ಡೌಟು ಜಾಸ್ತಿಯಾಗುತ್ತದೆ. ದುಡ್ಡು ಕಟ್ಟಿಯಾಗಿದೆ, ಎಲ್ಲ ಅದರಲ್ಲೇ ಸೇರಿದೆ ಅನ್ನುವ ಭಾವನೆ ಪೋಷಕರದ್ದು. ಅವರ ತಪ್ಪೇನಿಲ್ಲ, ಪಾಸನ್ನು ಮಾರಿದ್ದೇ ಹಾಗೆ. ರಾತ್ರಿ ಹತ್ತಕ್ಕೆ ತ್ರಿಕೋನಮಿತಿಯ ಲೆಕ್ಕದ ಫೋಟೋ ಬರುತ್ತದೆ. "ಮಿಸ್, ಇದೊಂದೇ" ಅಂತ ಮಗು ಕೇಳುವಾಗ ಇಲ್ಲ ಅನ್ನಲು ಮನಸ್ಸಾಗುವುದಿಲ್ಲ. ಹಾಗಾಗಿ ಶುರುವಿನಲ್ಲೇ ಹೇಳಿಬಿಡಿ: ಡೌಟಿಗೆ ವಾರಕ್ಕೊಂದು ಅರ್ಧ ಗಂಟೆ, ಎಲ್ಲರೂ ಒಟ್ಟಿಗೆ.

ಹೊರದೇಶದ ಮಕ್ಕಳಿದ್ದರೆ ಗಡಿಯಾರ ನೋಡಿಕೊಳ್ಳಿ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಇಡುತ್ತಾರೆ. ನ್ಯೂಯಾರ್ಕ್ ಕಡೆಯ ಮಗುವಿನ ಸಂಜೆ ಏಳೂವರೆ ಬೇಸಿಗೆಯಲ್ಲಿ ನಮಗೆ ಬೆಳಗ್ಗೆ ಐದು, ಚಳಿಗಾಲದಲ್ಲಿ ಆರು. ಪಾಸಿನಲ್ಲಿ ಸಮಯ ನಿಗದಿ ಮಾಡುವುದು ಮಗುವಿನ ಗಡಿಯಾರಕ್ಕೆ. ಆರು ಗಂಟೆಗೆ ನಿಮಗೆ ಇಲ್ಲಿಯ ಬ್ಯಾಚ್ ಇದ್ದರೆ ನವೆಂಬರ್‌ನಲ್ಲಿ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಟೀಚರ್ ಕ್ಲಾಸ್ ರದ್ದು ಮಾಡಿದರೆ ದಂಡ ಹಾಕುವ ಕಂಪನಿಗಳಿವೆ. ಅದನ್ನೂ ಮೊದಲೇ ಕೇಳಿ.

ಕಂಪನಿಯ ಪಾಸ್ ಹೊಂದದಿದ್ದರೆ ನಿಮ್ಮದೇ ಪಾಸ್ ಮಾಡಬಹುದು. ತಿಂಗಳ ಫೀಸು ನಮ್ಮ ಟ್ಯೂಷನ್ ಮನೆಗಳಿಗೆ ಹೊಸದಲ್ಲ. ಕ್ಲಾಸಿಗೆ 300 ಇದ್ದರೆ ಎಂಟಕ್ಕೆ 2,200 ಇಡಿ. ರಿಯಾಯಿತಿ ಹತ್ತು ಪರ್ಸೆಂಟ್ ದಾಟದಿರಲಿ. ಮಗುವೇ ತಪ್ಪಿಸಿದ ಕ್ಲಾಸನ್ನು ಮುಂದಿನ ತಿಂಗಳಿಗೆ ಒಂದು ಮಾತ್ರ ಉಳಿಸಿಕೊಡಿ. ಕರೆಂಟ್ ಹೋಗಿ ನಿಮ್ಮ ಕಡೆಯಿಂದ ನಿಂತ ಕ್ಲಾಸನ್ನು ಪೂರ್ತಿ ಕೊಡಿ. ಮಳೆಗಾಲಕ್ಕೆ ಈ ನಿಯಮ ಇಲ್ಲದಿದ್ದರೆ ಆಗಸ್ಟ್‌ನಲ್ಲಿ ಜಗಳ ಖಂಡಿತ. ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿಯೇ ದುಡ್ಡು ಕಟ್ ಆಗುವ ಯುಪಿಐ ಆಟೋಪೇ ಹಾಕಿಸಿದರೆ ಫೀಸು ಕೇಳುವ ಸಂಕೋಚ ತಪ್ಪುತ್ತದೆ. ದುಡ್ಡು ಕಟ್ ಆಗುವ 24 ಗಂಟೆ ಮುಂಚೆ ಪೋಷಕರಿಗೆ ಮೆಸೇಜ್ ಹೋಗಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಅದರ ಜೊತೆಗೆ ನೀವೂ ಒಂದು ಸಾಲು ಬರೆಯಿರಿ: ಮಗು ಈ ತಿಂಗಳು ಎಷ್ಟು ಕ್ಲಾಸಿಗೆ ಬಂತು, ಎಷ್ಟು ಉಳಿದಿದೆ. ಆ ಸಾಲು ಓದಿದ ತಾಯಿ ಪಾಸ್ ನಿಲ್ಲಿಸುವ ಮುಂಚೆ ನಿಮಗೊಂದು ಫೋನ್ ಮಾಡುತ್ತಾರೆ.

ಟಿಡಿಎಸ್, ಅಂದರೆ ನಿಮಗೆ ಕೊಡುವ ದುಡ್ಡಿನಲ್ಲಿ ಕಂಪನಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಅದರ ಬಗ್ಗೆಯೂ ಒಂದು ಮಾತು. ಕಂಪನಿ ಹಿಡಿದ ಟಿಡಿಎಸ್ ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನ ಲೆಕ್ಕದಲ್ಲಿ ಕಾಣಬೇಕು. ಕಾಣದಿದ್ದರೆ ಆ ತ್ರೈಮಾಸಿಕದಲ್ಲೇ ಕೇಳಿ. ವರ್ಷದ ಕೊನೆಗೆ ಬಿಟ್ಟರೆ ಉತ್ತರ ಕೊಡುವವರು ಸಿಗುವುದಿಲ್ಲ.

ಒಪ್ಪಿಕೊಂಡರೂ ಎಲ್ಲ ಗಂಟೆಗಳನ್ನೂ ಪಾಸಿಗೆ ಕೊಡಬೇಡಿ. ಅರ್ಧ ಕೊಟ್ಟು ಮೂರು ತಿಂಗಳು ನೋಡಿ, ಅದರಲ್ಲಿ ರಜೆಯ ತಿಂಗಳೊಂದು ಸೇರಿರಲಿ. ಪ್ರತಿ ತಿಂಗಳೂ ಬಂದ ದುಡ್ಡನ್ನು ನಿಜವಾಗಿ ಕೂತ ಗಂಟೆಗಳಿಂದ ಭಾಗಿಸಿ ಬರೆದಿಡಿ. ಕ್ಲಾಸಿಗಿಷ್ಟು ಅಂತ ಬರುವ ಮಕ್ಕಳ ಗಂಟೆಯ ಲೆಕ್ಕವನ್ನು ಅದರ ಪಕ್ಕದಲ್ಲೇ ಇಡಿ. ಪಾಸಿನ ಅಂಕಿ ಮೂರು ತಿಂಗಳೂ ಕಡಿಮೆ ಬಂದರೆ ಹೊಸ ಪಾಸಿನ ಮಕ್ಕಳನ್ನು ತಗೊಳ್ಳುವುದು ನಿಲ್ಲಿಸಿ. ಈಗಾಗಲೇ ಇರುವ ಹತ್ತನೇ ತರಗತಿಯ ಮಕ್ಕಳನ್ನು ಮಾತ್ರ ಪರೀಕ್ಷೆ ಮುಗಿಯುವವರೆಗೆ ಕೈಬಿಡಬೇಡಿ.