ಫರಸಿ ಸಂದಿನಲ್ಲಿ ಚಿಗಟ: ನಾಯಿ, ಬೆಕ್ಕು, ಮನೆ ಮೂರಕ್ಕೂ ಒಂದೇ ದಿನ ಮದ್ದು

ಮಳೆಗಾಲ ಹಿಡಿದ ಮೇಲೆ ಕಲಬುರಗಿ ಕಡೆಯ ಮನೆಗಳಲ್ಲಿ ಸಂಜೆ ಹೊತ್ತು ಕಾಲು ಕೆಳಗಿಟ್ಟು ಕೂತರೆ ಪಾದದ ಸುತ್ತ ಸಣ್ಣ ಕೆಂಪು ಗಂಧೆ ಏಳುತ್ತವೆ. ಸೊಳ್ಳೆಯೆಂದು ಬತ್ತಿ ಹಚ್ಚಿದರೂ ಕಡಿತ ನಿಲ್ಲುವುದಿಲ್ಲ. ಸಾಕಿದ ನಾಯಿಯೋ ಬೆಕ್ಕೋ ಬಾಲದ ಬುಡವನ್ನು ಕಚ್ಚಿ ಕಚ್ಚಿ ಕೆರೆದುಕೊಳ್ಳುತ್ತಿದ್ದರೆ ಮೊದಲು ಚಿಗಟವನ್ನೇ ಅನುಮಾನಿಸಬೇಕು. ಕೆಲವರ ಬಾಯಲ್ಲಿ ಇದು ಚಿಕ್ಕಾಡು. ಉಣ್ಣೆ ಮೈಗೆ ಕಚ್ಚಿಕೊಂಡು ಕಾಳಿನಂತೆ ಉಬ್ಬುತ್ತದೆ; ಚಿಗಟ 2–3 ಮಿ.ಮೀ. ಉದ್ದದ, ಪಕ್ಕೆ ಚಪ್ಪಟೆಯಾದ ಕಂದು ಹುಳು, ಕೂದಲು ಸರಿಸಿದರೆ ಓಡುತ್ತದೆ, ಹಿಡಿಯಹೋದರೆ ಜಿಗಿಯುತ್ತದೆ. ನಾಯಿಯ ಮೈಮೇಲೆ ಸಿಗುವುದೂ ಬಹುಪಾಲು ಬೆಕ್ಕಿನ ಚಿಗಟ ಎಂಬ ಜಾತಿಯದೇ. ಆಡು, ಕರುಗಳಿಗೂ ಅದೇ ಹತ್ತುತ್ತದೆ.

ಹುಳು ಕಾಣದಿದ್ದರೆ ಹೀಗೆ ನೋಡಿ. ಪ್ರಾಣಿಯನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ, ಹೇನಿನ ಹಣಿಗೆಯಷ್ಟು ಒತ್ತಾದ ಹಲ್ಲಿನ ಬಾಚಣಿಗೆಯಿಂದ ಸೊಂಟದಿಂದ ಬಾಲದವರೆಗೆ ಬಾಚಿ. ಕರಿ ಪುಡಿ ಉದುರಿದರೆ ಅದರ ಮೇಲೆ ಎರಡು ಹನಿ ನೀರು ಬಿಡಿ. ಮಣ್ಣಾದರೆ ಮಣ್ಣಾಗಿಯೇ ಉಳಿಯುತ್ತದೆ, ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಹರಡುತ್ತದೆ. ಅದು ಜೀರ್ಣವಾದ ರಕ್ತ.

ಶತ್ರು ಇರುವ ಜಾಗ

ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂಸಾರದಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಉಳಿದವು ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ನೆಲದ ಮೇಲಿರುತ್ತವೆ. ಹೆಣ್ಣು ಚಿಗಟ ರಕ್ತ ಕುಡಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ತೊಡಗಿ, ದಿನಕ್ಕೆ 40–50ರವರೆಗೂ ಇಡುತ್ತದೆ. ಮೊಟ್ಟೆಗೆ ಅಂಟಿಲ್ಲ, ನಾಯಿ ಎಲ್ಲಿ ಮಲಗುತ್ತದೋ, ಎಲ್ಲಿ ಮೈ ಕೊಡವುತ್ತದೋ ಅಲ್ಲಿ ಉದುರುತ್ತದೆ. ಅದರಿಂದ ಹೊರಬಂದ ಮರಿಹುಳುವಿಗೆ ಬೆಳಕು ಆಗದು. ಅದು ಸಂದು ಹುಡುಕಿ ಇಳಿಯುತ್ತದೆ.

ನಮ್ಮ ಕಡೆ ಸಂದಿಗೆ ಬರವಿಲ್ಲ. ಶಹಾಬಾದ್ ಫರಸಿ, ಅಂದರೆ ಚಪ್ಪಡಿ ಕಲ್ಲು ಹಾಸಿದ ಹಳೆಯ ಮನೆಗಳಲ್ಲಿ ಕಲ್ಲು ಕಲ್ಲಿನ ನಡುವೆ ಸಿಮೆಂಟು ಉದುರಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಅದರಲ್ಲಿ ಧೂಳು, ಕೂದಲು, ಉದುರಿದ ಹಿಕ್ಕೆ ಎಲ್ಲ ಸೇರುತ್ತವೆ. ಮರಿಹುಳು ಬೆಳೆಯಲು ಅಷ್ಟು ಸಾಕು. ಗಾಳಿಯ ತೇವಾಂಶ ಶೇ 50ಕ್ಕಿಂತ ಇಳಿದರೆ ಅದು ಒಣಗಿ ಸಾಯುತ್ತದೆ. ಹಾಗಾಗಿ ಏಪ್ರಿಲ್–ಮೇ ಬಿಸಿಲಿಗೆ ಅಂಗಳದ ಚಿಗಟ ತಾನೇ ಕಡಿಮೆಯಾಗುತ್ತದೆ. ಆದರೆ ಅದೇ ಬೇಸಿಗೆಯಲ್ಲಿ ಮನೆಯೊಳಗೆ ಕೂಲರ್ ಓಡುತ್ತದೆ, ಅದರ ಮುಂದೆ ನಾಯಿ ಮಲಗುತ್ತದೆ. ಹೊರಗೆ ಸತ್ತದ್ದು ಒಳಗೆ ಉಳಿಯುವುದು ಹೀಗೆ.

ಕೊನೆಯದು ಗೂಡು. ಮರಿಹುಳು ರೇಷ್ಮೆಯಂಥ ನೂಲು ಸುತ್ತಿಕೊಂಡು, ಅದಕ್ಕೆ ಧೂಳು ಅಂಟಿಸಿಕೊಂಡು ಕೂರುತ್ತದೆ. ಯಾವ ಔಷಧಿಯೂ ಇದರೊಳಗೆ ಸರಿಯಾಗಿ ಇಳಿಯದು. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರಾಟ, ಮೈಯ ಬಿಸಿ, ಉಸಿರು ತಾಗಿದೊಡನೆ ಹೊರಬೀಳುತ್ತದೆ. ಗುಳೆ ಹೋದವರು ಮೂರು ತಿಂಗಳ ಮೇಲೆ ಬೀಗ ತೆಗೆದು ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಚಿಗಟ ಮುತ್ತುವುದು ಇದೇ ಕಾರಣಕ್ಕೆ. ಅಂಥ ಮನೆಗೆ ಮಕ್ಕಳನ್ನು ಕರೆದೊಯ್ಯುವ ಮೊದಲು ಒಬ್ಬರು ಹೋಗಿ ಗುಡಿಸಿ, ತೊಳೆದು ಬರುವುದು ಒಳ್ಳೆಯದು.

ಮೊದಲು ಪ್ರಾಣಿ

ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕಿಗೂ ಒಂದೇ ದಿನ ಮದ್ದು ಮಾಡಬೇಕು. ಒಂದನ್ನು ಬಿಟ್ಟರೆ ಅದೇ ಮತ್ತೆ ಮೊಟ್ಟೆ ಉದುರಿಸುತ್ತದೆ.

ನಾಯಿಗೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಮೈ ತೋಯಿಸುವ ಮೊದಲು ಕುತ್ತಿಗೆಯ ಸುತ್ತ ಶಾಂಪೂ ನೊರೆಯ ದಪ್ಪ ಬಳೆ ಹಾಕಿ. ಇಲ್ಲದಿದ್ದರೆ ನೀರು ಬಿದ್ದ ಕೂಡಲೇ ಚಿಗಟಗಳೆಲ್ಲ ಕಿವಿ, ಕಣ್ಣಿನ ಕಡೆ ಓಡುತ್ತವೆ. ನೊರೆ 5–10 ನಿಮಿಷ ಇರಲಿ. ತೊಳೆದು, ಒದ್ದೆ ಇರುವಾಗಲೇ ಬಾಚಿ; ಹಣಿಗೆಯನ್ನು ಪ್ರತಿ ಸಲವೂ ಪಾತ್ರೆ ತೊಳೆಯುವ ಸೋಪು ಒಂದು ಚಮಚ ಬೆರೆಸಿದ ಒಂದು ಲೀಟರ್ ನೀರಿಗೆ ಅದ್ದಿ. ಬರೀ ನೀರಾದರೆ ಚಿಗಟ ತೇಲಿ ಜಿಗಿಯುತ್ತದೆ, ಸೋಪಿನ ನೀರಲ್ಲಿ ಮುಳುಗುತ್ತದೆ.

ಸ್ನಾನ ಅವತ್ತಿನ ಚಿಗಟವನ್ನಷ್ಟೇ ತೆಗೆಯುತ್ತದೆ. ತಿಂಗಳಿಡೀ ಕಾಯುವುದು ಹೆಗಲ ನಡುವೆ ಹಾಕುವ ಹನಿ ಔಷಧಿ. ಚಿಗಟ ಕೊಲ್ಲುವ ಫಿಪ್ರೊನಿಲ್ ಇರುವುದು ನಾಯಿಗೆ ತೂಕದ ಮೇಲೆ ಬರುತ್ತದೆ: 10 ಕೆ.ಜಿ.ವರೆಗೆ 0.67 ಮಿ.ಲೀ., 10–20 ಕೆ.ಜಿ.ಗೆ 1.34, 20–40ಕ್ಕೆ 2.68. ಬೆಕ್ಕಿಗೆ ಬೇರೆಯೇ ಕೊಳವೆ, 0.5 ಮಿ.ಲೀ. ಫಿಪ್ರೊನಿಲ್ ಜೊತೆ ಮೆಥೊಪ್ರೀನ್ ಸೇರಿದ್ದನ್ನು ಕೇಳಿ ತಂದರೆ ಮೊಟ್ಟೆಯೂ ಮುಂದೆ ಬೆಳೆಯದು. ಸ್ನಾನಕ್ಕೂ ಹನಿಗೂ ನಡುವೆ ಎರಡು ದಿನ ಬಿಡಿ, ಹಾಕಿದ ಮೇಲೂ ಎರಡು ದಿನ ನೀರು ಬೇಡ. ಔಷಧಿ ಚರ್ಮದ ಎಣ್ಣೆಯಲ್ಲಿ ಹರಡುವಂಥದ್ದು; ಶಾಂಪೂ ಆ ಎಣ್ಣೆಯನ್ನೇ ಕಳೆಯುತ್ತದೆ. ಕೂದಲ ಮೇಲೆ ಸುರಿಯದೆ, ಕೂದಲು ಬಿಡಿಸಿ ಚರ್ಮಕ್ಕೆ ಮುಟ್ಟಿಸಿ. ನೆಕ್ಕಲು ಬಾಯಿ ಹೋಗದ ಜಾಗವೇ ಇರಲಿ. ಎಂಟು ವಾರದೊಳಗಿನ ಮರಿಗಳಿಗೆ ಬಾಚಣಿಗೆಯೇ ಮದ್ದು. ಮನೆಯಲ್ಲಿ ಮೊಲವಿದ್ದರೆ ಫಿಪ್ರೊನಿಲ್ ಅದರ ಹತ್ತಿರಕ್ಕೂ ಬರಬಾರದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ತೊಗರಿಗೆ, ಹತ್ತಿಗೆ ಹೊಡೆದು ಉಳಿದ ಔಷಧಿಯನ್ನು ನೀರಿಗೆ ಬೆರೆಸಿ ನಾಯಿಗೆ ಬಳಿಯಬೇಡಿ. ಅದು ಚರ್ಮದಿಂದಲೂ ಇಳಿಯುವ ವಿಷ, ಬಳಿದವರ ಕೈಗೂ ಇಳಿಯುತ್ತದೆ. ದನಕ್ಕೆ ಹೊಡೆಯುವ ಉಣ್ಣೆ ಔಷಧಿಯನ್ನೂ ಅಂದಾಜಿನಲ್ಲಿ ಹಾಕಬೇಡಿ. ಪರ್ಮೆಥ್ರಿನ್ ಇರುವ ನಾಯಿ ಔಷಧಿ ಬೆಕ್ಕಿಗೆ ತಗುಲಿದರೆ ನಡುಕ, ಸೆಳವು ಬಂದು ಸಾಯಬಹುದು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಈ ಹೆಸರು ಇದೆಯೇ ನೋಡಿ. ಫಿನಾಯಿಲು, ಸೀಮೆಎಣ್ಣೆ, ಬೆಳ್ಳುಳ್ಳಿ ಯಾವುದೂ ಬೇಡ.

ಆಮೇಲೆ ನೆಲ

ಪ್ರಾಣಿ ಮಲಗುವ ಗೋಣಿಚೀಲ ಇದ್ದರೆ ಸುಟ್ಟುಬಿಡಿ, ತೊಳೆದು ಉಳಿಸುವಂಥದ್ದಲ್ಲ. ಕೌದಿ ಸುಡಲು ಮನಸ್ಸು ಬಾರದು. ಅದು ಪದರ ಪದರವಾಗಿರುವುದರಿಂದ ತಣ್ಣೀರಲ್ಲಿ ಒಗೆದರೆ ಒಳಗಿನದು ಹಾಗೇ ಉಳಿಯುತ್ತದೆ. ಕೈ ಇಡಲಾರದಷ್ಟು, ಅಂದರೆ 60 ಡಿಗ್ರಿಗೂ ಮೇಲೆ ಬಿಸಿಯಾದ ನೀರಲ್ಲಿ ಅರ್ಧ ಗಂಟೆ ನೆನೆಯಲಿ. ನಡುವೆ ಒಮ್ಮೆ ಬಿಸಿನೀರು ಸೇರಿಸಿ. ಆಮೇಲೆ ಎರಡೂ ಮಗ್ಗುಲು ಒಣಗಿಸಿ. ಬೇಸಿಗೆಯಾದರೆ ಮಾಳಿಗೆಯ ಮೇಲೆ ಇಡೀ ದಿನ ಹರವಿದರೂ ಕೆಲಸವಾಗುತ್ತದೆ. ಮಳೆಗಾಲದ ಮಂಕು ಬಿಸಿಲನ್ನು ನಂಬಬೇಡಿ. ವಾರಕ್ಕೊಮ್ಮೆ ಇದು ನಡೆಯಬೇಕು.

ಒಣ ಕಸಬರಿಗೆ ಮೊಟ್ಟೆಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾರಿಸುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಎರಡು ವಾರ ದಿನಾ ಓಡಿಸಿ. ಅದರ ಅದುರಾಟಕ್ಕೆ ಗೂಡಿನ ಚಿಗಟ ಎದ್ದು ಹೊರಬರುವುದೂ ಲಾಭವೇ. ಚೀಲದ ಕಸವನ್ನು ಕೂಡಲೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹೊರಗೆ ಹಾಕಿ. ಇಲ್ಲದವರು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಸಂದಿನ ಧೂಳು ಎಬ್ಬಿಸಿ, ಒದ್ದೆ ಬಟ್ಟೆಯಿಂದ ಒರೆಸಿಕೊಂಡು, ಸಂದಿನ ಉದ್ದಕ್ಕೂ ಕುದಿಯುವ ನೀರು ಸುರಿಯಿರಿ. ಆ ಹೊತ್ತು ಮಕ್ಕಳು ಕೋಣೆಯಲ್ಲಿರಬಾರದು. ಕಕ್ಕಸಿಗೆ ಹಾಕುವ ಆಸಿಡ್ ಮಾತ್ರ ಬೇಡ: ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಸಿಡ್ ಅದನ್ನೇ ತಿಂದು ಸಂದನ್ನು ಇನ್ನಷ್ಟು ಅಗಲ ಮಾಡುತ್ತದೆ. ಉಪ್ಪು ಚೆಲ್ಲಿದರೆ ಮಳೆಗಾಲದಲ್ಲಿ ನೀರೂರಿ ತೇವವೇ ಹೆಚ್ಚುತ್ತದೆ. ಸಂದು ಒಣಗಿದ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸೋಸಿದ ಮರಳು ಕಲಸಿ ತುಂಬಿಸಿಬಿಟ್ಟರೆ ಚಿಗಟಕ್ಕೆ ಮನೆಯೇ ಇಲ್ಲ. ಇದಕ್ಕಿಂತ ದೊಡ್ಡ ಮದ್ದಿಲ್ಲ.

ಚಿಗಟ ತೀರಾ ಹೆಚ್ಚಿದ್ದರೆ ಮನೆಯೊಳಗೆ ಬಳಸಲೆಂದೇ ಮಾಡಿದ, ಮೊಟ್ಟೆ, ಮರಿಹುಳು ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್ ಅಥವಾ ಮೆಥೊಪ್ರೀನ್ ಸೇರಿದ ಔಷಧಿಯನ್ನು ಮಂಚದಡಿ, ಗೋಡೆಯಂಚು, ಕೂಲರ್ ಸುತ್ತ ಹೊಡೆಸಿ. ಪೂರ್ತಿ ಒಣಗುವವರೆಗೆ ಮಂದಿ, ಪ್ರಾಣಿ ಹೊರಗಿರಬೇಕು. ಮೀನಿನ ತೊಟ್ಟಿಯನ್ನು ಬೇರೆಡೆಗೆ ಒಯ್ಯಿರಿ. ಹೊಡೆಸುವ ಮೊದಲೇ ಗುಡಿಸಿ ಒರೆಸಿರಬೇಕು, ಎರಡು ವಾರಕ್ಕೆ ಇನ್ನೊಮ್ಮೆ ಹೊಡೆಸಬೇಕು.

ಮನೆಯಲ್ಲಿ ಇಲಿ ಕಾಟವೂ ಇದ್ದರೆ ಕ್ರಮ ತಪ್ಪಿಸಬೇಡಿ. ಮೊದಲು ಚಿಗಟ, ಆಮೇಲೆ ಇಲಿ. ಇಲಿ ಮೊದಲು ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯರನ್ನೇ ಹುಡುಕಿ ಬರುತ್ತದೆ.

ಎರಡನೇ ವಾರದ ಕಾಟ

ಎಲ್ಲ ಮಾಡಿಯೂ ಹತ್ತು, ಹದಿನೈದು ದಿನಕ್ಕೆ ಮತ್ತೆ ಚಿಗಟ ಜಿಗಿಯುತ್ತವೆ. ಬಹುತೇಕರು ಔಷಧಿ ಸುಳ್ಳೆಂದು ಕೈಬಿಡುವುದು ಇಲ್ಲೇ. ಅವು ಮೊದಲೇ ಗೂಡಲ್ಲಿದ್ದು ಈಗ ಎದ್ದವು. ಔಷಧಿ ಹಾಕಿದ ನಾಯಿಯ ಮೈಗೆ ಹತ್ತಿದರೆ ಒಂದೆರಡು ದಿನದಲ್ಲಿ ಸಾಯುತ್ತವೆ. ಆದ್ದರಿಂದ ನಾಯಿಯನ್ನು ಹೊರಗೆ ಕಟ್ಟದೆ ಎಂದಿನ ಜಾಗದಲ್ಲೇ ಮಲಗಿಸಿ, ತಿಂಗಳಿಗೊಮ್ಮೆ ಹನಿ ತಪ್ಪಿಸದೆ ಕನಿಷ್ಠ ಮೂರು ತಿಂಗಳು ಹಾಕಿ. ಎಷ್ಟು ಉಳಿದಿವೆ ಎಂದು ಅಳೆಯಲು ರಾತ್ರಿ ನೆಲದ ಮೇಲೆ ಅಗಲ ತಟ್ಟೆಯಲ್ಲಿ ಸೋಪಿನ ನೀರಿಟ್ಟು, ಒಂದಡಿ ಮೇಲೆ ದೀಪ ಉರಿಸಿ. ಬೆಳಿಗ್ಗೆ ತಟ್ಟೆಯಲ್ಲಿ ಬಿದ್ದವನ್ನು ಎಣಿಸಿ ಬರೆದಿಡಿ. ವಾರ ವಾರಕ್ಕೆ ಲೆಕ್ಕ ಇಳಿಯಬೇಕು.

ನಾಯಿ, ಬೆಕ್ಕಿನ ಗುದದ ಬಳಿ ಸೌತೆ ಬೀಜದಂಥ ಬಿಳಿ ತುಣುಕು ಕಂಡರೆ ಅದು ಚಿಗಟ ನುಂಗಿದ್ದರಿಂದ ಬಂದ ಲಾಡಿಹುಳು. ಜಂತಿನ ಮದ್ದನ್ನು ಪಶುವೈದ್ಯರೇ ತೂಕ ನೋಡಿ ಕೊಡಬೇಕು. ಮರಿಯ ಒಸಡು ಬಿಳಿಚಿ, ಹಾಲು ಬಿಟ್ಟು ಮುದುಡಿ ಮಲಗಿದ್ದರೆ ಅದು ರಕ್ತ ಬತ್ತಿದ ಲಕ್ಷಣ. ಆಗ ಬಾಚುತ್ತಾ ಕೂರಬೇಡಿ. ಹತ್ತಿರದ ಪಶು ಆಸ್ಪತ್ರೆಗೋ, ಬೀದರ ಕಡೆಯವರಾದರೆ ನಂದಿನಗರದ ಪಶುವೈದ್ಯಕೀಯ ಕಾಲೇಜಿಗೋ ಅವತ್ತೇ ಒಯ್ಯಿರಿ.