ಹತ್ತಿ ಮಿಲ್ಲಿನ ಚಪ್ಪಡಿಗಳ ಮೇಲೆ: ಪೆನೈನ್ ವೇ ನಡೆದ ನನ್ನ ಅನುಭವ

ಇಂಗ್ಲೆಂಡಿನ ಪೆನೈನ್ ವೇ ಎಂಬ ಉದ್ದದ ಕಾಲುದಾರಿ ನಡೆದು ಬಂದೆ ಅಂದರೆ ದಾವಣಗೆರೆಯಲ್ಲಿ ಎಲ್ಲರೂ ಮೊದಲು ಕೇಳುವುದು, "ಬೆಟ್ಟ ಎಷ್ಟೆತ್ತರ?" ಎತ್ತರ ಅಂಥದ್ದೇನಿಲ್ಲ. ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಕ್ರಾಸ್ ಫೆಲ್ ಬೆಟ್ಟವೇ 893 ಮೀಟರ್. ನಮ್ಮ ಚಿತ್ರದುರ್ಗ ಊರೇ 700 ಮೀಟರಿಗಿಂತ ಮೇಲಿದೆ. ಕೇಳಬೇಕಾದ್ದು ಬೇರೆ. ಬೆಳಿಗ್ಗೆಯಿಂದ ಸಂಜೆವರೆಗೆ ಒದ್ದೆ ಕಾಲಲ್ಲಿ ನಡೀತೀರಾ? ಮರುದಿನ ಅದೇ ಒದ್ದೆ ಬೂಟಿಗೆ ಮತ್ತೆ ಕಾಲು ಹಾಕ್ತೀರಾ? ಹೂಂ ಅನ್ನುವವರು ಹೊರಡಬಹುದು.

ಇಂಗ್ಲೆಂಡಿನ ಡರ್ಬಿಶೈರ್‌ನ ಈಡೇಲ್ ಎಂಬ ಹಳ್ಳಿಯಿಂದ ಹೊರಟು, ಉತ್ತರಕ್ಕೆ ಬೆಟ್ಟಸಾಲಿನ ಮೇಲೇ ಸಾಗಿ, ಸ್ಕಾಟ್ಲೆಂಡ್ ಗಡಿ ದಾಟಿ ಕರ್ಕ್ ಯೆಟಮ್‌ನಲ್ಲಿ ಮುಗಿಯುವ ಕಾಲುದಾರಿ ಇದು. ಉದ್ದ 431 ಕಿ.ಮೀ. ಒಂದೇ ಬೀಸಿಗೆ ನಡೆಯುವವರಿಗೆ ಸಾಮಾನ್ಯವಾಗಿ ಎರಡೂವರೆ ಮೂರು ವಾರ ಬೇಕು. ನನ್ನ ತಂಗಿಯ ಮಗ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ರಜೆ ನೋಡಿಕೊಂಡು ನಾವು ದಾರಿಯನ್ನು ತುಂಡು ತುಂಡಾಗಿ ನಡೆದೆವು. "ದೊಡ್ಡಮ್ಮ, ಆಗಲ್ಲ ಅನಿಸಿದರೆ ಹೇಳಿ, ಕೆಳಗಿಳಿದು ಬಸ್ಸು ಹಿಡಿಯೋಣ" ಅಂತ ಮೊದಲೇ ಹೇಳಿದ್ದ.

ಅಭ್ಯಾಸ ಮಾಡಿದ್ದು ಇಲ್ಲೇ. ದಿನಾ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡಿಗೆ. ರಜಾ ದಿನ ಬಸ್ಸು ಹತ್ತಿ ದುರ್ಗಕ್ಕೆ. ಬ್ಯಾಗಿಗೆ ಅಕ್ಕಿ ಪ್ಯಾಕೆಟ್ ತುಂಬಿಕೊಂಡು ಕೋಟೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. "ಯಾವೂರಿಗಮ್ಮಾ ಗಂಟು ಕಟ್ಟಿಕೊಂಡು?" ಅಂತ ವಾಕಿಂಗ್ ಬಂದವರು ಕೇಳುತ್ತಿದ್ದರು. ಹತ್ತುವುದಕ್ಕಿಂತ ಇಳಿಯುವುದನ್ನೇ ಜಾಸ್ತಿ ಅಭ್ಯಾಸ ಮಾಡಿ ಅನ್ನುತ್ತೇನೆ. ಮಂಡಿ ಕೈಕೊಡುವುದು ಇಳಿಜಾರಿನಲ್ಲಿ. ಇನ್ನೊಂದು, ಜೋಗಿಮಟ್ಟಿಯ ಏರುದಾರಿ. ಅದು ದೂರದ ನಡಿಗೆಗೆ ಕಾಲನ್ನು ಹದ ಮಾಡುತ್ತದೆ, ಗಾಳಿಯನ್ನೂ ಅಭ್ಯಾಸ ಮಾಡಿಸುತ್ತದೆ. ಸುತ್ತಲಿನ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ.

ಆದರೆ ದುರ್ಗದ ಬಂಡೆ ಕಲಿಸದ ಪಾಠ ಒಂದಿದೆ, ಅದು ಪೀಟ್ ಎಂಬ ಕೆಸರು ನೆಲ. ಈಡೇಲ್ ಬಿಟ್ಟು ಜೇಕಬ್ಸ್ ಲ್ಯಾಡರ್ ಎಂಬ ಕಲ್ಲಿನ ಮೆಟ್ಟಿಲು ಹತ್ತಿದರೆ ಕಿಂಡರ್ ಸ್ಕೌಟ್‌ನ ನೆತ್ತಿ. ಮೇಲೆ ಚೂಪಾದ ಶಿಖರ ಇರುತ್ತದೆ ಅಂದುಕೊಳ್ಳಬೇಡಿ. ಮರವೇ ಇಲ್ಲದ, ಹೆದರ್ ಪೊದೆ ಮತ್ತು ಹುಲ್ಲಿನ ದೊಡ್ಡ ಬಯಲು. ಇಂಥದ್ದನ್ನೇ ಮೂರ್‌ಲ್ಯಾಂಡ್ ಅನ್ನುತ್ತಾರೆ. ಅದರಡಿ ಕಪ್ಪು ಪೀಟ್. ನೀರು ನಿಂತ, ಹುಳಿ ಗುಣದ ನೆಲದಲ್ಲಿ ಪಾಚಿ ಸತ್ತರೂ ಪೂರ್ತಿ ಕೊಳೆಯುವುದಿಲ್ಲ. ಪದರದ ಮೇಲೆ ಪದರ ಕೂತು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಳೆಗಾಲದಲ್ಲಿ ತವರಿನ ಎರೆ ಹೊಲ ತುಳಿದು ಬೆಳೆದವಳು ನಾನು. ಎರೆ ಮಣ್ಣು ಕಾಲಿಗೆ ಮೆತ್ತುತ್ತದೆ, ಪೀಟ್ ಕಾಲನ್ನೇ ನುಂಗುತ್ತದೆ. ಮೊದಲು ಕೋಲು ಊರಿ ನೋಡಬೇಕು, ಆಮೇಲೆ ಹೆಜ್ಜೆ. ಹಸಿರು ಪಾಚಿ ತುಂಬಾ ಚೆಂದ ಕಂಡಲ್ಲಿ ಕಾಲಿಡಲೇಬಾರದು.

ಈ ಬಯಲಿನ ಮೇಲೆ ನಡೆಯುವ ಹಕ್ಕೂ ಸುಲಭಕ್ಕೆ ಸಿಕ್ಕಿದ್ದಲ್ಲ. ಗ್ರೌಸ್ ಹಕ್ಕಿಯ ಶಿಕಾರಿಗೆ ಅಂತ ಜಮೀನುದಾರರು ಜನರನ್ನು ಹೊರಗಿಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ಕೆಲಸಗಾರರು, ಬೇಕಂತಲೇ ಕಿಂಡರ್‌ಗೆ ನುಗ್ಗಿದರು. ಐದು ಜನ ಜೈಲಿಗೂ ಹೋದರು. ಇಂಥದ್ದೊಂದು ಉದ್ದದ ದಾರಿ ಬೇಕು ಅಂತ ಪತ್ರಕರ್ತ ಟಾಮ್ ಸ್ಟೀಫನ್‌ಸನ್ ಬರೆದದ್ದು 1935ರಲ್ಲಿ. ದಾರಿ ತೆರೆದದ್ದು 1965ರಲ್ಲಿ, ಅದೂ ಏಪ್ರಿಲ್ 24ರಂದೇ.

ಜನ ತುಳಿದೂ ತುಳಿದೂ ಪೀಟ್ ಕಿತ್ತುಹೋಗತೊಡಗಿದಾಗ ಎಷ್ಟೋ ಕಡೆ ಕಲ್ಲು ಚಪ್ಪಡಿ ಹಾಸಿದರು. ಬ್ಲ್ಯಾಕ್ ಹಿಲ್ ದಾಟುವಾಗ ಅವುಗಳ ಮೇಲೆ ನಡೆಯುತ್ತಿದ್ದೆವು. ಕೆಲವು ಚಪ್ಪಡಿಯಲ್ಲಿ ತೂತು, ಕೆಲವದರಲ್ಲಿ ಗೀಚು. "ಇವು ಹಳೇ ಹತ್ತಿ ಮಿಲ್ಲುಗಳ ನೆಲದ್ದು ದೊಡ್ಡಮ್ಮ, ಮಿಲ್ಲು ಕೆಡವಿದಾಗ ತಂದು ಹಾಕಿದ್ದು" ಅಂದ ಹುಡುಗ. ಹೆಲಿಕಾಪ್ಟರಿನಲ್ಲಿ ಹೊತ್ತು ತಂದು ಇಳಿಸಿದರಂತೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ನಮ್ಮಪ್ಪ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಇಲ್ಲಿಯ ಮಿಲ್ಲುಗಳೂ ನಿಂತವು, ಜಾಗ ಸೈಟಾಯಿತು. ಅಸಲಿ ಮ್ಯಾಂಚೆಸ್ಟರ್ ಕಡೆಯ ಮಿಲ್ಲಿನ ನೆಲದ ಮೇಲೆ ಕುರಿಗಳ ಜೊತೆ ನಾನು ನಡೆಯುತ್ತಿದ್ದೇನಲ್ಲ ಅಂತ ನಗು ಬಂತು. ಮಳೆ ಬಂದಾಗ ಆ ಚಪ್ಪಡಿ ಜಾರುತ್ತದೆ, ಅದೊಂದು ನೆನಪಿರಲಿ.

ಇನ್ನು ಕಾಲಿನ ವಿಷಯ. ಬೂಟು ಅರ್ಧ ಸೈಜು ದೊಡ್ಡದಿರಲಿ, ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ವಾಟರ್‌ಪ್ರೂಫ್ ಅಂತ ಜಾಸ್ತಿ ದುಡ್ಡು ಕೊಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಮೇಲಿನಿಂದ ಒಮ್ಮೆ ನೀರು ಹೊಕ್ಕರೆ ಅದು ಹೊರಗೂ ಹೋಗುವುದಿಲ್ಲ. ಉಣ್ಣೆಯ ಕಾಲುಚೀಲ ಸಾಕಷ್ಟಿರಲಿ. ಕೂತಾಗಲೆಲ್ಲ ಬೂಟು ಬಿಚ್ಚಿ ಪಾದಕ್ಕೆ ಗಾಳಿ ಆಡಿಸಿ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಸವರಿ ಹೊರಟರೆ ಚರ್ಮ ನೀರಲ್ಲಿ ನೆನೆದು ಸುಕ್ಕಾಗುವುದು ಕಡಿಮೆ. ಮಲಗುವಾಗಿನ ಕಾಲುಚೀಲವನ್ನು ಮಾತ್ರ ಏನೇ ಆದರೂ ಹಗಲು ಹಾಕಬೇಡಿ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿಯನ್ನು ಚಪ್ಪಟೆ ಡಬ್ಬಿಯಲ್ಲಿಟ್ಟರೆ ಪುಡಿಯಾಗುವುದಿಲ್ಲ. ಮಂಡಕ್ಕಿ ಒಯ್ಯಬೇಕೆಂಬ ಆಸೆ ದಾವಣಗೆರೆಯವರಿಗೆ ಇದ್ದೇ ಇರುತ್ತದೆ. ತೂಕ ಇಲ್ಲ, ನಿಜ, ಆದರೆ ಬ್ಯಾಗಿನ ಅರ್ಧ ಜಾಗ ಅದೇ ತಿನ್ನುತ್ತದೆ.

ನಡುವಿನ ಯಾರ್ಕ್‌ಶೈರ್ ಭಾಗ ನೋಡಲು ಚೆಂದ, ನಡೆಯಲು ಹಗುರ. ಮುಂದೆ ಹೇಡ್ರಿಯನ್ ಗೋಡೆ ಸಿಗುತ್ತದೆ. ಕ್ರಿ.ಶ. 122ರಲ್ಲಿ ರೋಮನ್ನರು ಕಟ್ಟಲು ಶುರು ಮಾಡಿದ್ದು. ಏಳುಸುತ್ತಿನ ಕೋಟೆ ನೋಡಿದ ಕಣ್ಣಿಗೆ ಗಿಡ್ಡ ಅನಿಸಿತು. ಹುಡುಗನಿಗೆ ಹಾಗಂದಿದ್ದಕ್ಕೆ ಸಿಟ್ಟು ಬಂತು.

ನನಗೆ ನಿಜವಾಗಿ ಹೆದರಿಕೆಯಾದದ್ದು ಕ್ರಾಸ್ ಫೆಲ್‌ನಲ್ಲಿ. ಅಲ್ಲಿಯ ಗಾಳಿಗೆ ಹೆಲ್ಮ್ ವಿಂಡ್ ಅಂತ ಹೆಸರೇ ಇದೆ. ಈಶಾನ್ಯದಿಂದ ಬಂದ ಗಾಳಿ ಬೆಟ್ಟ ಏರಿ ಆ ಕಡೆಯ ಕಡಿದಾದ ಇಳಿಜಾರಿನಲ್ಲಿ ರಭಸವಾಗಿ ಬೀಳುತ್ತದೆ. ನಾವು ಹೋದಾಗ ಅದಿರಲಿಲ್ಲ, ಮಂಜಿತ್ತು. ಹತ್ತು ಹೆಜ್ಜೆ ಮುಂದಿನದು ಕಾಣದು. ಫೋನಿನ ಮ್ಯಾಪ್ ಒದ್ದೆ ಬೆರಳಿಗೆ ಓಗೊಡುವುದಿಲ್ಲ, ಹಾಗಾಗಿ ಕಾಗದದ ಮ್ಯಾಪು, ದಿಕ್ಸೂಚಿ ಇರಲೇಬೇಕು. ಕಲ್ಲುಗುಡ್ಡೆಯಿಂದ ಕಲ್ಲುಗುಡ್ಡೆಗೆ ಲೆಕ್ಕ ಹಾಕಿ ದಾಟಿ, ಆಚೆಯ ಗ್ರೆಗ್ಸ್ ಹಟ್ ತಲುಪಿ ರೊಟ್ಟಿ ಬಿಚ್ಚಿದೆವು. ನಡೆಯುವವರಿಗಾಗಿ ಇಟ್ಟಿರುವ ಕಲ್ಲಿನ ಮನೆ ಅದು, ಬೀಗ ಇಲ್ಲ.

ಕೊನೆಗೆ ಚೀವಿಯಟ್ ಬೆಟ್ಟಗಳು. ಬರ್ನೆಸ್‌ನಿಂದ ಕರ್ಕ್ ಯೆಟಮ್‌ವರೆಗೆ 40 ಕಿ.ಮೀ.ಗಿಂತ ಜಾಸ್ತಿ. ನಡುವೆ ಮಳೆ ಗಾಳಿಗೆ ಒಳಗೆ ಕೂರಲು ಎರಡು ಮರದ ಗುಡಿಸಲು ಬಿಟ್ಟರೆ ಊರಿಲ್ಲ, ಅಂಗಡಿ ಇಲ್ಲ. ಗಟ್ಟಿ ಕಾಲಿನವರು ಒಂದೇ ದಿನಕ್ಕೆ ಮುಗಿಸುತ್ತಾರೆ. ನಾವು ಅರ್ಧಕ್ಕೆ ಕಣಿವೆಗೆ ಇಳಿದೆವು. ತಂಗಿದ್ದ ಮನೆಯವರು ಕಾರಿನಲ್ಲಿ ಬಂದು ಕರೆದೊಯ್ದು, ಬೆಳಿಗ್ಗೆ ಅಲ್ಲೇ ತಂದು ಬಿಟ್ಟರು. ಇದು ಮೋಸ ಅಲ್ವಾ ಅಂತ ಇಲ್ಲಿ ಕೆಲವರು ಕೇಳಿದ್ದಾರೆ. ಬಿಟ್ಟ ಜಾಗದಿಂದಲೇ ಮತ್ತೆ ಹೆಜ್ಜೆ ಹಾಕಿದರೆ ಮೋಸ ಹೇಗಾಗುತ್ತದೆ? ಕೇಳುವವರು ಒಮ್ಮೆ ಅಕ್ಕಿ ಬ್ಯಾಗು ಹೊತ್ತು ಜೋಗಿಮಟ್ಟಿ ಹತ್ತಿ ಬರಲಿ, ಆಮೇಲೆ ಮಾತಾಡೋಣ.