ಯೂಟ್ಯೂಬ್ ದುಡ್ಡು ಬ್ಯಾಂಕ್ ಮುಟ್ಟುವುದು ಹೇಗೆ?

ವಿಡಿಯೊ ಲಕ್ಷ ಜನ ನೋಡಿದ್ದಾರೆ, ಖಾತೆಗೆ ಮಾತ್ರ ಬಿಡಿಗಾಸು ಬಂದಿಲ್ಲ. ಹೀಗೆ ಗೋಳಾಡುವವರ ವಿಡಿಯೊದಲ್ಲಿ ಸಾಮಾನ್ಯವಾಗಿ ತಪ್ಪಿರುವುದಿಲ್ಲ, ಅವಸರದಲ್ಲಿ ತುಂಬಿದ ಫಾರಂಗಳಲ್ಲಿರುತ್ತದೆ.

ಅರ್ಹತೆ. ಜಾಹೀರಾತು ಪಾಲಿಗೆ 1000 ಸಬ್‌ಸ್ಕ್ರೈಬರ್ ಬೇಕು. ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಹೊತ್ತು ಆ 4000 ಗಂಟೆಗೆ ಸೇರದು. ಹಳೆ ವಿಡಿಯೊ ಚೆನ್ನಾಗಿಲ್ಲವೆಂದು ಪ್ರೈವೇಟ್ ಮಾಡಿದಿರೋ, ಅದರ ಗಂಟೆಗಳೂ ಹೋದವು. ಸಬ್‌ಸ್ಕ್ರೈಬರ್ ಮಾರುವವರ ಹತ್ತಿರ ಸುಳಿಯಬೇಡಿ. ಸಿನಿಮಾ ತುಣುಕಿಗೆ ದನಿ ಅಂಟಿಸಿದ ಚಾನೆಲ್ ಪರಿಶೀಲನೆಯಲ್ಲಿ ಉಳಿಯುವುದು ಕಷ್ಟ. ಒಮ್ಮೆ ತಿರಸ್ಕಾರವಾದರೆ ಮತ್ತೆ ಅರ್ಜಿ ಹಾಕಲು 30 ದಿನ ಕಾಯಬೇಕು.

ಆಡ್‌ಸೆನ್ಸ್. ಯೂಟ್ಯೂಬ್ ಗಳಿಕೆ ಕೈಸೇರುವುದು ಗೂಗಲ್‌ನ ಈ ಖಾತೆಯ ಮೂಲಕ, ಎಡವುವುದೆಲ್ಲ ಇಲ್ಲೇ. ಒಬ್ಬರಿಗೆ ಒಂದೇ ಖಾತೆ. ಹಿಂದೆ ಯಾವುದೋ ಬ್ಲಾಗಿಗೆಂದು ತೆರೆದು ಮರೆತಿದ್ದರೆ ಹೊಸದು ತಿರಸ್ಕೃತವಾಗುತ್ತದೆ. ಹಳೆಯದನ್ನು ಹುಡುಕಿ ಜೋಡಿಸಿ, ಇಲ್ಲವೇ ಮುಚ್ಚಿ.

ಹೆಸರಿನ ಜಾಗದಲ್ಲಿ ಚಾನೆಲ್ ಹೆಸರು ಹಾಕಬೇಡಿ. ಪ್ಯಾನ್ ಕಾರ್ಡಿನಲ್ಲಿ ಇದ್ದಂತೆಯೇ, ಅಕ್ಷರ ತಪ್ಪದೆ ಬರೆಯಿರಿ. ನಮ್ಮ ಇನಿಷಿಯಲ್‌ಗಳು ಕೈಕೊಡುವುದು ಇಲ್ಲಿ: ಪಾಸ್‌ಬುಕ್ಕಿನಲ್ಲಿ ‘ಕೆ.ಎಸ್.’ ಎಂದಷ್ಟೇ ಇರುತ್ತದೆ, ಪ್ಯಾನ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಊರು, ಅಪ್ಪನ ಹೆಸರು ಎಲ್ಲ ಬಂದಿರುತ್ತದೆ. ಮೊದಲು ಬ್ಯಾಂಕಿಗೆ ಹೋಗಿ ಎರಡನ್ನೂ ಒಂದು ಮಾಡಿಸಿ, ಆಮೇಲೆ ಆಡ್‌ಸೆನ್ಸ್ ತೆರೆಯಿರಿ.

ಗಳಿಕೆ 10 ಡಾಲರ್ ಮುಟ್ಟಿದಾಗ ನಿಮ್ಮ ವಿಳಾಸ ಖಚಿತಪಡಿಸಿಕೊಳ್ಳಲು ಗೂಗಲ್‌ನಿಂದ ಆರಂಕಿಯ ಪಿನ್ ಇರುವ ಲಕೋಟೆ ಹೊರಡುತ್ತದೆ. ಸಾಮಾನ್ಯ ಅಂಚೆ, ಜಾಡು ಹಿಡಿಯಲು ನಂಬರ್ ಇಲ್ಲ, ಎರಡರಿಂದ ನಾಲ್ಕು ವಾರ. ಆಧಾರ್ ವಿಳಾಸವನ್ನು ಕುರುಡಾಗಿ ನಕಲು ಮಾಡಬೇಡಿ. ಮೊದಲ ಸಾಲಿಗೆ ಊರಲ್ಲಿ ಎಲ್ಲರಿಗೂ ಗೊತ್ತಿರುವ ಮನೆಯ ಹಿರಿಯರ ಹೆಸರು, ಎರಡನೆಯದಕ್ಕೆ ಊರು, ಅಂಚೆ ಕಚೇರಿ, ತಾಲ್ಲೂಕು. ಪೋಸ್ಟ್‌ಮ್ಯಾನ್‌ಗೆ ಮುಂಚೆಯೇ ಒಂದು ಮಾತು ಹೇಳಿಟ್ಟರೆ ಇನ್ನೂ ಒಳ್ಳೆಯದು. ಮೊದಲ ಪಿನ್ ಹೊರಟ ನಾಲ್ಕು ತಿಂಗಳೊಳಗೆ ಆಡ್‌ಸೆನ್ಸ್‌ನಲ್ಲಿ ಆ ಅಂಕಿ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ.

ಮುಂದಿನದು ಅಮೆರಿಕದ ತೆರಿಗೆ ಫಾರಂ, ಡಬ್ಲ್ಯು-8ಬೆನ್. ‘ನಾನಿರುವುದು ಹಾಸನದಲ್ಲಿ, ನನಗೇಕೆ?’ ಎಂದು ಬಿಟ್ಟವರು ಕಳೆದುಕೊಳ್ಳುವುದೇ ಹೆಚ್ಚು. ನ್ಯೂಜೆರ್ಸಿಯ ಕನ್ನಡಿಗರು ನಿಮ್ಮ ಅಕ್ಕಿರೊಟ್ಟಿ ನೋಡುತ್ತಾರಲ್ಲ, ಆ ಗಳಿಕೆಗೆ ಅಲ್ಲಿ ತೆರಿಗೆಯಿದೆ. 100 ಡಾಲರಿನಲ್ಲಿ 10 ಡಾಲರ್ ಅಮೆರಿಕದ ವೀಕ್ಷಕರಿಂದ ಬಂತೆನ್ನಿ. ಫಾರಂ ತುಂಬಿ, ಪ್ಯಾನ್ ನಂಬರ್ ಕೊಟ್ಟು, ಭಾರತದೊಂದಿಗಿನ ತೆರಿಗೆ ಒಪ್ಪಂದದ ಶೇ 15 ಆರಿಸಿದರೆ ಒಂದೂವರೆ ಡಾಲರ್ ಕಡಿತ. ಒಪ್ಪಂದದ ಪುಟದಲ್ಲಿ ‘ಇಲ್ಲ’ ಒತ್ತಿದರೆ 3 ಡಾಲರ್. ಫಾರಂ ಕೊಡದೇ ಇದ್ದರೆ ಇಡೀ ನೂರರ ಮೇಲೆ ಲೆಕ್ಕ ಹಾಕಿ 24 ಡಾಲರ್‌ವರೆಗೂ ಕತ್ತರಿ.

ಬ್ಯಾಂಕ್. ಐಎಫ್‌ಎಸ್‌ಸಿಯ ಐದನೆಯದು ಸೊನ್ನೆ, ಇಂಗ್ಲಿಷಿನ ‘ಓ’ ಅಲ್ಲ. ವಿದೇಶದಿಂದ ಹಣ ಬರಲು ಬೇಕಾದ ಸ್ವಿಫ್ಟ್ ಕೋಡ್ ಬೇರೆಯದೇ, 8 ಇಲ್ಲವೇ 11 ಅಕ್ಷರ. ತಾಲ್ಲೂಕು ಶಾಖೆಗೆ ಅದು ಬಹುತೇಕ ಇರುವುದಿಲ್ಲ. ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆಯದನ್ನು ಬ್ಯಾಂಕಿನಿಂದಲೇ ಕೇಳಿ ಪಡೆಯಿರಿ. ಗೂಗಲ್‌ನಲ್ಲಿ ಸಿಕ್ಕ ಕೋಡ್ ಹಾಕಿದವರ ಹಣ ವಾಪಸು ಹೋಗುವುದುಂಟು. ಯಾವ ಬಾಬ್ತು ಎಂದು ಬ್ಯಾಂಕ್ ಕೇಳಿದರೆ ಜಾಹೀರಾತು ಸೇವೆಯ ಪರ್ಪಸ್ ಕೋಡ್ ಪಿ1007.

100 ಡಾಲರ್ ತುಂಬಿದರೆ ಮುಂದಿನ ತಿಂಗಳ 21ರಿಂದ 26ರೊಳಗೆ ಹಣ ಹೊರಡುತ್ತದೆ.

ಹೆಚ್ಚಿಸಿಕೊಳ್ಳುವುದು. ಉದ್ದ ವಿಡಿಯೊ ಜಾಹೀರಾತಿನಲ್ಲಿ ನಿಮಗೆ ಶೇ 55, ಶಾರ್ಟ್ಸ್‌ನಲ್ಲಿ ಶೇ 45, ಸದಸ್ಯತ್ವ ಮತ್ತು ಸೂಪರ್ ಚಾಟ್‌ನಲ್ಲಿ (ಲೈವ್‌ನಲ್ಲಿ ವೀಕ್ಷಕರು ದುಡ್ಡು ಕೊಟ್ಟು ಹಾಕುವ ಸಂದೇಶ) ಶೇ 70. ಎಂಟು ನಿಮಿಷ ದಾಟಿದ ವಿಡಿಯೊಗೆ ನಡುವೆಯೂ ಜಾಹೀರಾತು ಹಾಕಬಹುದು. ಒಗ್ಗರಣೆ ಸಿಡಿಯುವ ಹೊತ್ತಿಗೆ ಬೇಡ, ಪಾತ್ರೆ ಬದಲಿಸುವಾಗ ಇಡಿ. ಎಂಟು ನಿಮಿಷ ಮಾಡಲೆಂದೇ ಎಳೆದರೆ ಜನ ಎದ್ದು ಹೋಗುತ್ತಾರೆ.

ಸಣ್ಣ ಚಾನೆಲ್‌ಗೆ ಪ್ರಾಯೋಜಕರೇ ಮೇಲು. ಬೆಟ್ಟಿಂಗ್ ಆ್ಯಪ್ ಎಷ್ಟು ಕೊಟ್ಟರೂ ಬೇಡ. ವಿಡಿಯೊ ಏರಿಸುವಾಗ ‘ಪೇಯ್ಡ್ ಪ್ರೊಮೋಷನ್’ ಗುರುತು ಹಾಕಿ, ಬಾಯಲ್ಲೂ ಕನ್ನಡದಲ್ಲಿ ‘ಇದು ಜಾಹೀರಾತು’ ಎನ್ನಿ. ದುಡ್ಡಿನ ಬದಲು ಮಿಕ್ಸಿ, ಕ್ಯಾಮೆರಾ ಕೊಟ್ಟರೆ ಅದೂ ಆದಾಯವೇ: ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಇದೆ. ತೋರಿಸಿ ಹಿಂದಿರುಗಿಸಿದ ವಸ್ತುವಿಗೆ ಇಲ್ಲ. ಆ ಶೇ 10 ಯಾರ ಜೇಬಿನಿಂದ ಎಂಬುದನ್ನು ಪೆಟ್ಟಿಗೆ ಬಿಚ್ಚುವ ಮುನ್ನವೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.